ಮಾಸ್ಟರ್ ಸುಮ್ಮನೆ ಕೂತ ದಿನ

ಮಾಸ್ಟರ್ ಅವರ ಮೊಣಕಾಲುಗಳ ಮೇಲೆ ಒಂದೇ ಒಂದು ಗಾಯದ ಕಲೆ ಇರಲಿಲ್ಲ. ಬಳ್ಳಾರಿಯಲ್ಲಿ ಫುಟ್‌ಬಾಲ್ ಆಡಿದವರಿಗೆ ಇದು ಎಂಥ ಮಾತು ಎಂದು ಗೊತ್ತಾಗುತ್ತದೆ. ನಮ್ಮ ಗ್ರೌಂಡ್ ಎಂದರೆ ಕೆಂಪು ಗರಸು, ನಡುನಡುವೆ ಚೂಪು ಕಲ್ಲು. ಒಮ್ಮೆ ಜಾರಿಬಿದ್ದರೆ ಚರ್ಮ ಅಲ್ಲೇ ಉಳಿಯುತ್ತದೆ. ಎರಡು ವರ್ಷ ಆಡುವಷ್ಟರಲ್ಲೇ ನನ್ನ ಮೊಣಕಾಲು ನೋಡಿ ನಮ್ಮವ್ವ ಮುಖ ತಿರುಗಿಸುತ್ತಿದ್ದಳು. ಇಪ್ಪತ್ತೈದು ವರ್ಷ ಡಿಫೆನ್ಸಿನ ನಟ್ಟನಡುವೆ, ನಾವು ಸ್ಟಾಪರ್ ಎನ್ನುವ ಜಾಗದಲ್ಲಿ ನಿಂತ ಈ ಮನುಷ್ಯನ ಕಾಲು ಮಾತ್ರ ಆಫೀಸಿನಲ್ಲಿ ಕೂತು ನಿವೃತ್ತರಾದವರ ಕಾಲಿನಂತಿತ್ತು. ಕಲೆ ಇದ್ದದ್ದು ಕೈಗೆ. ಬಲಗೈ ಬೆರಳುಗಳ ಸಂದಿಯಲ್ಲಿ ಜೀನ್ಸ್ ಬಟ್ಟೆಯ ನೀಲಿ ಇಳಿದು, ಎಷ್ಟು ತಿಕ್ಕಿದರೂ ಹೋಗದೆ ನಿಂತುಬಿಟ್ಟಿತ್ತು.

ಊರೆಲ್ಲ ಅವರನ್ನು ಮಾಸ್ಟರ್ ಎನ್ನುತ್ತಿದ್ದದ್ದು ಆಟದ ಕಾರಣಕ್ಕಲ್ಲ. ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಅವರು ಕಟಿಂಗ್ ಮಾಸ್ಟರ್. ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಒಟ್ಟಿಗೇ ಕತ್ತರಿಸುವ ಕೆಲಸ. ಒಂದು ಸಲ ಕೈ ತಪ್ಪಿದರೆ ಅಷ್ಟೂ ಪ್ಯಾಂಟು ಹಾಳು. ಯಂತ್ರ ಒತ್ತುವ ಮೊದಲು ಅವರು ಬಟ್ಟೆಯ ಸುತ್ತ ಸುಮ್ಮನೆ ಎರಡು ಸುತ್ತು ಹಾಕುತ್ತಿದ್ದರು. ಮೈದಾನದಲ್ಲೂ ಅದೇ ನಡಿಗೆ. ಓಡುವುದನ್ನು ನಾನು ಕಂಡದ್ದು ಕಡಿಮೆ.

ಅವರ ಒಂದು ಪದ್ಧತಿ ಹೇಳಬೇಕು. ಬೇರೆ ಊರಿಗೆ ಪಂದ್ಯಕ್ಕೆ ಹೋದಾಗ ಆಟಗಾರರು ಬೂಟು ಹಾಕಿಕೊಂಡು ತಮ್ಮ ಚಪ್ಪಲಿಗಳನ್ನು ಗೆರೆಯಾಚೆ ಸಾಲಾಗಿ ಬಿಟ್ಟಿರುತ್ತಾರಲ್ಲ, ಮಾಸ್ಟರ್ ಆ ಸಾಲಿನ ಉದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ನಡೆದುಬರುತ್ತಿದ್ದರು. ನೋಡಿದವರು ಈ ಮುದುಕ ಚಪ್ಪಲಿ ಕಳ್ಳನೇನೋ ಅಂದುಕೊಳ್ಳಬೇಕು, ಹಾಗೆ. ಕುರುಗೋಡಿನಲ್ಲಿ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿ ಒಂದು ಜೊತೆಯ ಮುಂದೆ ನಿಂತರು. ಅದು ಎದುರು ತಂಡದ ಫಾರ್ವರ್ಡ್‌ನದು. ಮಿಂಚಿನಂತೆ ಓಡುತ್ತಾನೆ ಎಂದು ಅವನ ಬಗ್ಗೆ ಎಲ್ಲರೂ ಹೆದರಿಸಿದ್ದರು.

"ಬಲಗಾಲಿಂದು ನೋಡು. ಹೆಬ್ಬೆಟ್ಟಿನ ಕೆಳಗ ತೂತು ಬಿದ್ದೈತಿ. ಎಡಕ್ಕ ಹಾರೋದು ಬಿಟ್ರ ಇವನಿಗೆ ಬ್ಯಾರೆ ಬರಂಗಿಲ್ಲ" ಎಂದರು.

ಪಂದ್ಯ ಪೂರ್ತಿ ಅವರು ಆ ಹುಡುಗನ ಎಡಕ್ಕೆ ಒಂದು ಹೆಜ್ಜೆ ಸರಿದು ನಿಂತರು, ಅಷ್ಟೇ. ಚೆಂಡು ತಾನಾಗಿ ಬಂದು ಅವರ ಕಾಲಿಗೆ ಸಿಗುತ್ತಿತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಮಿಂಚು ಅಳುಮೋರೆ ಹಾಕಿಕೊಂಡಿತ್ತು. ಆಗ ಮಾಸ್ಟರ್‌ಗೆ ನಲವತ್ತೇಳು, ನನಗೆ ಹದಿನೇಳು.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ, ನನ್ನನ್ನು ಸ್ಟಾಪರ್ ಆಗಿ ಯಾವಾಗ ನಿಲ್ಲಿಸುತ್ತೀರಿ ಎಂದು. ಅಷ್ಟರಲ್ಲಿ ಎರಡು ವರ್ಷದಿಂದ ಗೆರೆಯಾಚೆ ಅವರ ಪಾಠ ಕೇಳುತ್ತಿದ್ದೆ. ಮಾಸ್ಟರ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ಗೋಲು ಹೊಡ್ಯಾಕ ಹದಿನೇಳು ಸಾಕು ತಮ್ಮ. ತಡ್ಯಾಕ ಸಾಲಂಗಿಲ್ಲ. ಫಾರ್ವರ್ಡ್ ಹತ್ತು ಸಲ ತಪ್ಪಿದ್ರೂ ಹನ್ನೊಂದನೇದಕ್ಕ ಚಪ್ಪಾಳಿ ಬೀಳ್ತಾವು. ನೀ ಒಂದ್ ಸಲ ತಪ್ಪಿದ್ರ ಮುಗೀತು. ಸಬರ್ ಮಾಡು."

ಸಬರ್ ಎಂದರೆ ತಾಳ್ಮೆ. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಾನು ಅವರಿಗಿಂತ ಎರಡು ಪಟ್ಟು ವೇಗವಾಗಿ ಓಡುತ್ತಿದ್ದೆ. ಅವರು ಅರ್ಧ ಆಟಕ್ಕೇ ಸೊಂಟ ಹಿಡಿದು ನಿಲ್ಲುತ್ತಿದ್ದರು. ಒಗ್ಗರಣೆ ಮಿರ್ಚಿ ಅಂಗಡಿಯ ಮುಂದೆ ಗೆಳೆಯರು ಮೊಬೈಲಿನಲ್ಲಿ ತೋರಿಸುತ್ತಿದ್ದರು: ಪರದೇಶದ ದೊಡ್ಡ ದೊಡ್ಡ ತಂಡಗಳಲ್ಲಿ ಮೀಸೆ ಮೂಡದ ಹುಡುಗರು ಡಿಫೆನ್ಸ್ ಕಾಯುತ್ತಿದ್ದಾರೆ, ನಮ್ಮಲ್ಲಿ ನೋಡಿದರೆ ಮುದುಕನನ್ನು ಮೆರೆಸುತ್ತಿದ್ದಾರೆ. ನನಗೆ ಅಷ್ಟೇ ಬೇಕಿತ್ತು. ಒಂದು ಸಂಜೆ ಕ್ಲಬ್ಬಿನ ಕಾರ್ಯದರ್ಶಿಯ ಮನೆಗೆ ಹೋಗಿ, ಮಾಸ್ಟರ್‌ಗೆ ಈಗ ಓಡಲಿಕ್ಕೆ ಆಗುವುದಿಲ್ಲ, ತಂಡ ಸೋತರೆ ನನ್ನನ್ನು ಕೇಳಬೇಡಿ ಎಂದು ಹೇಳಿ ಬಂದೆ. ಎರಡು ವರ್ಷ ಅನ್ನ ಹಾಕಿದಂತೆ ಆಟ ಕಲಿಸಿದವರ ಮೇಲೆ ಬೆನ್ನ ಹಿಂದೆ ಚಾಡಿ. ಇವತ್ತಿಗೂ ಆ ಮನೆಯ ಮುಂದೆ ಹಾದುಹೋದರೆ ನಾಚಿಕೆಯಾಗುತ್ತದೆ.

ಮುಂದಿನ ಪಂದ್ಯ ಸಿರುಗುಪ್ಪದಲ್ಲಿ. ಟೆಂಪೋದಿಂದ ಇಳಿದ ಮೇಲೆ ಎಲ್ಲರ ಎದುರೇ ಕಾರ್ಯದರ್ಶಿ ಬಾಯಿಬಿಟ್ಟರು: ಮಾಸ್ಟರ್, ಹುಡುಗರೆಲ್ಲ ನಿಮಗೆ ವಯಸ್ಸಾಯಿತು ಅನ್ನುತ್ತಿದ್ದಾರೆ, ಇವತ್ತು ಈ ಹುಡುಗ ಆಡಲೇನು, ನೀವು ಬೇಡ ಅಂದರೆ ಬೇಡ. ಹಿಂದೆ ಯಾರೋ ನಕ್ಕರು. ಮಾಸ್ಟರ್ ನನ್ನ ಕಡೆ ಒಂದು ಗಳಿಗೆ ನೋಡಿ, "ಆಡ್ಲಿ ಬಿಡ್ರಿ" ಎಂದು ಹೋಗಿ ಗೆರೆಯಾಚೆ ಬೇವಿನ ಮರದ ಕೆಳಗೆ ಕೂತರು.

ಅವರು ಹೊರಗೆ ಕೂತರೆ ಗಂಟಲು ಹರಿಯುವಂತೆ ಕೂಗುವವರು. ಹಿಂದಕ್ಕೆ ಬಾ, ಎಡಕ್ಕೆ ಸರಿ, ಚೆಂಡು ನೋಡಬೇಡ ಸೊಂಟ ನೋಡು, ಇದು ನಿರಂತರ. ಆ ದಿನ ಒಂದು ಮಾತೂ ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು. ಮೊದಲರ್ಧ ಚೆನ್ನಾಗಿಯೇ ಆಡಿದೆ. ಒಂದೆರಡು ಸಲ ಚಪ್ಪಾಳೆ ಬಿದ್ದಾಗ ಬೇವಿನ ಮರದ ಕಡೆ ಬೇಕಂತಲೇ ನೋಡಿದೆ.

ಎರಡನೇ ಅರ್ಧದಲ್ಲಿ ಸಿರುಗುಪ್ಪದ ಫಾರ್ವರ್ಡ್ ಚೆಂಡು ಹಿಡಿದು ನನ್ನೆದುರು ಬಂದ. ಹತ್ತೊಂಬತ್ತರ ಹುಡುಗ, ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾನೆ ಎಂದು ಕೇಳಿದ್ದೆ. ಅವನು ಚೆಂಡನ್ನು ಬಲಕ್ಕೆ ತೋರಿಸಿ ಎಡಕ್ಕೆ ಎಳೆದ. ನಾನು ಚೆಂಡು ನೋಡಿದೆ. ಅವನು ದಾಟಿಬಿಟ್ಟ. ಅಲ್ಲಿಗೆ ಬಿಡಬಹುದಿತ್ತು, ಒಂದು ಗೋಲು ಆಗುತ್ತಿತ್ತು, ಅಷ್ಟೇ. ಮಾಸ್ಟರ್ ನೋಡುತ್ತಿದ್ದಾರಲ್ಲ ಎಂಬ ಉರಿಗೆ ಹಿಂದಿನಿಂದ ಎರಡೂ ಕಾಲು ಚಾಚಿ ನೆಲಕ್ಕೆ ಬಿದ್ದು ಒದ್ದೆ. ಆಗ ಬಂದ ಸದ್ದನ್ನು ವಿವರಿಸಲು ಹೋಗುವುದಿಲ್ಲ. ಕಣ್ಣು ಬಿಟ್ಟಾಗ ಅವನ ಎಡಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು.

ಎಲ್ಲರಿಗಿಂತ ಮೊದಲು ಓಡಿಬಂದವರು ಮಾಸ್ಟರ್. ಓಡಲಾರರು ಎಂದು ನಾನು ಚಾಡಿ ಹೇಳಿದ್ದ ಮನುಷ್ಯ. ಎರಡು ಕಟ್ಟಿಗೆ ತರಿಸಿ, ತಮ್ಮ ಅಂಗಿ ಹರಿದು ಕಾಲು ಕಟ್ಟಿದರು. ಬಳ್ಳಾರಿಯ ಆಸ್ಪತ್ರೆ ಸೇರುವವರೆಗೂ ಟೆಂಪೋದಲ್ಲಿ ಬನಿಯನ್ನಿನಲ್ಲೇ ಕೂತು, ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಡಿದಿದ್ದರು. ನನಗೆ ಒಂದು ಬೈಗುಳವೂ ಇಲ್ಲ.

ಆಟ ಸಾಕು ಎಂದು ನಾನು ಮನೆ ಸೇರಿದೆ. ಆ ಹುಡುಗನಿಗೆ ಕಾಲಿನಲ್ಲಿ ರಾಡ್ ಹಾಕಿ, ಪ್ಲಾಸ್ಟರ್ ಕಟ್ಟಿ ಊರಿಗೆ ಕಳಿಸಿದ ಮೇಲೆ ಬಂದ ಮೊದಲ ಭಾನುವಾರ, ಬೆಳಿಗ್ಗೆ ಆರಕ್ಕೆ ಮಾಸ್ಟರ್ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಏಳು, ಸಿರುಗುಪ್ಪಕ್ಕೆ ಹೋಗಬೇಕು ಎಂದರು. ಎದ್ದು ಅಂಗಿ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ನಾನು ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದದ್ದು ಅವರಿಗೆ ತಿಳಿಯಿತೋ ಏನೋ.

"ತಪ್ಪಾತು ಅಂತ ಅವನ ಮುಂದ ಅಳಾಕ ಹೋಗಬ್ಯಾಡ. ಅವ ನಿನ್ನ ಸಮಾಧಾನ ಮಾಡಬೇಕಾಗ್ತೈತಿ. ಬಾಯಿ ಮುಚ್ಕೊಂಡು ಕುಂದ್ರು, ಅವ ಏನು ಬೇಕಂತಾನ ಅದನ್ನ ಮಾಡು" ಎಂದರು.

ಹಾಗೆ ನಾವು ಏಳು ತಿಂಗಳು, ಪ್ರತಿ ಭಾನುವಾರ ಹೋದೆವು. ಅವನ ತಾಯಿ ಮೊದಲ ಮೂರು ವಾರ ಮಾಸ್ಟರ್‌ಗೆ ಮಾತ್ರ ನೀರು ಕೊಟ್ಟಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೇ ವಾರ ಒಂದು ತಟ್ಟೆ ನನ್ನ ಮುಂದೆಯೂ ಬಂತು. ಅತ್ತರೆ ಮಾಸ್ಟರ್ ಬೈಯುತ್ತಾರೆಂದು ತಲೆ ತಗ್ಗಿಸಿ ಅನ್ನ ನುಂಗಿದೆ. ಪ್ಲಾಸ್ಟರ್ ಹಾಕಿದ ಕಾಲಿಗೆ ಪ್ಯಾಂಟು ಹಾಕಲಾಗದೆ ಆ ಹುಡುಗ ಲುಂಗಿಯಲ್ಲೇ ಮುದುಡಿ ಕೂತಿರುತ್ತಿದ್ದ. ಒಂದು ಭಾನುವಾರ ಮಾಸ್ಟರ್ ಕಾಗದದ ಪೊಟ್ಟಣದಿಂದ ಒಂದು ಜೀನ್ಸ್ ತೆಗೆದರು. ಎಡಗಾಲನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಉದ್ದಕ್ಕೂ ಗುಂಡಿ ಇಟ್ಟು ಹೊಲಿದಿದ್ದರು. ಹುಡುಗ ಅದನ್ನು ಹಾಕಿಕೊಂಡು ನನ್ನ ಭುಜ ಹಿಡಿದು ಓಣಿಯ ತುದಿಯವರೆಗೆ ಹೋಗಿಬಂದ. ಮನೆಯಿಂದ ಹೊರಬಿದ್ದದ್ದು ಎರಡು ತಿಂಗಳಿಗೆ ಅದೇ ಮೊದಲು. ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಅವನು ಮತ್ತೆ ಆಡಲಿಲ್ಲ. ಈಗ ಅದೇ ಗಿರಣಿಯಲ್ಲಿ ತೂಕದ ಯಂತ್ರದ ಮುಂದೆ ಕೂರುತ್ತಾನೆ.

ಮಾಸ್ಟರ್ ಕೂಡ ಮತ್ತೆ ಆಡಲಿಲ್ಲ. ಯಾರು ಕರೆದರೂ ಬರಲಿಲ್ಲ. ನನ್ನನ್ನು ಮಾತ್ರ ಬಿಡಲಿಲ್ಲ. ಆಟ ಬಿಟ್ಟರೆ ಆ ಕಾಲಿಗೆ ಅವಮಾನ ಎಂದು ನನ್ನನ್ನು ಮೈದಾನಕ್ಕೆ ಎಳೆದು ತಂದು, ಆರು ವರ್ಷ ಗೆರೆಯಾಚೆ ಮತ್ತು ಬದಿಯ ಜಾಗಗಳಲ್ಲಿ ಸವೆಸಿ, ಇಪ್ಪತ್ಮೂರಕ್ಕೆ ಒಂದು ದಿನ "ಈಗ ನಿಂದ್ರು" ಎಂದರು. ಅವತ್ತಿನಿಂದ ನಾನು ಸ್ಟಾಪರ್. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ, ಪಾಳಿ ಮುಗಿಸಿ ಬಂದು ಆಟ. ಇಷ್ಟು ವರ್ಷಗಳಲ್ಲಿ ನೆಲಕ್ಕೆ ಬಿದ್ದು ಯಾರ ಕಾಲಿಗೂ ಹೋಗಿಲ್ಲ.

ಸಕ್ಕರೆ ಕಾಯಿಲೆ ಮೊದಲು ಮಾಸ್ಟರ್ ಅವರ ಕಣ್ಣು ತಿಂದಿತು, ಆಮೇಲೆ ಮೂತ್ರಪಿಂಡ. ಕಣ್ಣು ಮಂಜಾದ ಮೇಲೂ ಗ್ರೌಂಡಿಗೆ ಬಂದು, ಬೂಟಿನ ಸದ್ದು ಕೇಳಿ, ಯಾರೋ ಚೆಂಡಿನ ಹಿಂದೆ ಓಡುತ್ತಿದ್ದಾರೆ ನೋಡು ಎಂದು ಗೊಣಗುತ್ತಿದ್ದರು. ಹೋದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಸಂಜೆಯ ನಮಾಜಿಗೆ ಮೊದಲು ಖಬರಸ್ತಾನದಲ್ಲಿ ಮಣ್ಣು ಹಾಕಿ ಹೊರಗೆ ಬಂದಾಗ ಗೇಟಿನ ಬಳಿ ಸಿರುಗುಪ್ಪದವನು ನಿಂತಿದ್ದ. ಕುಂಟುತ್ತಲೇ ಜನಾಜಾಕ್ಕೆ ಹೆಗಲು ಕೊಟ್ಟಿದ್ದ. ಆ ಕಾಲು ನೋಡಿದಾಗ ಪ್ರತಿ ಸಲದಂತೆ ಅವತ್ತೂ ನನ್ನ ತಲೆ ತಗ್ಗಿತು. ಅವನಿಗೆ ತಿಳಿಯಿತೆಂದು ಕಾಣುತ್ತದೆ. ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದ.

"ಇನ್ನ ಹೇಳಬಹುದು. ಮೊದಲನೇ ಭಾನುವಾರ ನೀ ಚಾ ತರಾಕ ಹೋಗಿದ್ದಿ, ಆವಾಗ ಮಾಸ್ಟರ್ ನನ್ನ ಕಾಲು ಮುಟ್ಟಿ ಅಂದ್ರು: ಇದನ್ನ ಮುರದದ್ದು ಆ ಹುಡುಗ ಅಲ್ಲ, ನಾನು. ಅವ ತಯಾರಾಗಿಲ್ಲ ಅಂತ ನನಗ ಗೊತ್ತಿತ್ತು. ಬ್ಯಾಡ ಅಂದಿದ್ರ ನಿಲ್ತಿತ್ತು. ಎಲ್ಲಾರೂ ಮುದುಕ ಅಂದ್ರಂತ ಸಿಟ್ಟು. ಅವ ಎಡವಲಿ, ಆಗ ನನ್ನ ಬೆಲಿ ತಿಳೀತೈತಿ ಅಂತ ಬಾಯಿ ಮುಚ್ಕೊಂಡು ಕುಂತೆ."

ನನಗೆ ಹೇಳಲಿಲ್ಲವೇಕೆ ಎಂದು ಕೇಳಿದೆ.

"ನಾನೂ ಕೇಳಿದೆ. ಅವನಿಗೆ ಹೇಳಿದ್ರ ಎಲ್ಲಾ ನನ್ನ ಮ್ಯಾಲೆ ಹಾಕಿ ಹಗುರಾಗಿಬಿಡ್ತಾನ, ಆಮ್ಯಾಲೆ ಕಲಿಯಂಗಿಲ್ಲ ಅಂದ್ರು."

ಮೊದಲು ಬಂದದ್ದು ಸಿಟ್ಟು. ಹದಿಮೂರು ವರ್ಷ ಆ ಕಾಲನ್ನು ನಾನೊಬ್ಬನೇ ಹೊತ್ತೆ, ಅರ್ಧ ನಿಮ್ಮದಾಗಿತ್ತಲ್ಲ ಮಾಸ್ಟರ್ ಎಂದು ಗೋಡೆಯಾಚೆಯ ಹಸಿ ಮಣ್ಣಿನ ಕಡೆ ನೋಡಿ ಬೈದುಕೊಂಡೆ. ಆಮೇಲೆ ಆ ಭಾನುವಾರಗಳು ನೆನಪಾದವು. ನನ್ನನ್ನು ತಿದ್ದಲು ಎಳೆದುಕೊಂಡು ಹೋಗುತ್ತಿದ್ದಾರೆಂದು ತಿಳಿದಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರು ತಮ್ಮ ತಪ್ಪಿಗೇ ಹೋಗುತ್ತಿದ್ದರು. ಅಲ್ಲೇ ಗೋಡೆಗೆ ಒರಗಿ ಅತ್ತೆ. ಬೈಯಲು ಅವರಿರಲಿಲ್ಲ.

ಇನ್ನೊಂದು ಮಾತು ಮುಚ್ಚಿಡಬಾರದು. ನಮ್ಮ ತಂಡಕ್ಕೆ ಈ ವರ್ಷ ಹತ್ತಿರದ ಮೋಕ ಊರಿನಿಂದ ಒಬ್ಬ ಬಂದಿದ್ದಾನೆ, ಹದಿನೇಳು ವರ್ಷ, ಸ್ಟಾಪರ್. ಗಟ್ಟಿ ಹುಡುಗ, ಆದರೆ ಚೆಂಡು ನೋಡುತ್ತಾನೆ. ಬರುವ ಕುರುಗೋಡಿನ ಪಂದ್ಯಕ್ಕೆ ನನ್ನ ಜಾಗದಲ್ಲಿ ಅವನನ್ನು ಇಳಿಸೋಣ ಎಂದು ಕ್ಲಬ್ಬಿನವರು ಹೇಳಿದಾಗ, ನಿಮ್ಮಿಷ್ಟ ಎಂದು ಎದ್ದು ಬಂದಿದ್ದೆ. ಹೊರಗೆ ಕೈಕಟ್ಟಿ ಕೂರುವುದು, ಅವನು ಎಡವಿದಾಗ ಕ್ಲಬ್ಬಿನವರ ಮುಖ ನೋಡುವುದು ಎಂದು ತೀರ್ಮಾನಿಸಿಯೂ ಆಗಿತ್ತು. ಮಾಸ್ಟರ್ ಸಾಯುವ ಮೂರು ದಿನ ಮೊದಲಿನ ಮಾತು ಇದು.

ಮಣ್ಣು ಮಾಡಿ ಬಂದ ಮರುದಿನ ಗ್ರೌಂಡಿಗೆ ಹೋಗಿ, ಹುಡುಗ ನಡುವೆ ನಿಲ್ಲಲಿ, ನಾನು ಅವನ ಎಡಗಡೆ ಆಡುತ್ತೇನೆ ಎಂದೆ. ಬದಿಯ ಜಾಗದಲ್ಲಿ ನೀನು ಆಡದೆ ಏಳು ವರ್ಷವಾಯಿತಲ್ಲ ಎಂದು ಕಾರ್ಯದರ್ಶಿ ನಕ್ಕರು. ಹುಡುಗ ನಗಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಅಣ್ಣಾ, ನಾ ತಪ್ಪಿದ್ರ?" ಎಂದ.

"ತಪ್ತಿ. ನಾ ಒಳಗ ಇರ್ತೀನಿ, ಬಾಯಿ ಮುಚ್ಚಂಗಿಲ್ಲ" ಎಂದೆ.

ಕುರುಗೋಡಿನಲ್ಲಿ ಆಟ ಮುಗಿಯುವವರೆಗೂ ಕೂಗಿದೆ. ಎರಡು ದಿನ ಕೆಲಸದಲ್ಲಿ ಕೈಸನ್ನೆಯಲ್ಲೇ ಮಾತಾಡಬೇಕಾಯಿತು. ಹುಡುಗ ಮೂರು ಸಲ ಮೋಸಹೋದ, ಮೂರನೆಯದು ಗೋಲಾಯಿತು, ಸೋತೆವು. ಎರಡೂ ಕಡೆಯ ಇಪ್ಪತ್ತೆರಡು ಮಂದಿ ತಮ್ಮ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರು.