ತಂಗಿಯನ್ನು ಮಾರ್ಥ ಎಂದೆ

ಊಟದ ಮುಂಚಿನ ಪ್ರಾರ್ಥನೆಯಲ್ಲಿ ನಾನೀಗ ಅನ್ನಕ್ಕಿಂತ ಮೊದಲು ಅದನ್ನು ಬೇಯಿಸಿದ ಕೈಗಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ. ಇಷ್ಟು ಕಲಿಯಲು ನನಗೆ ಅರವತ್ತು ವರ್ಷ ಬೇಕಾಯಿತು, ತಂಗಿಯ ಎರಡು ವರ್ಷದ ಮೌನವೂ ಬೇಕಾಯಿತು.

ಅವ್ವ ಕೊನೆಯ ಹತ್ತು ತಿಂಗಳು ಖಾನಾಪುರದಲ್ಲಿ, ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ಪ್ರತಿ ರವಿವಾರ ಬೆಳಗಾವಿಯಲ್ಲಿ ಆರಾಧನೆ ಮುಗಿಸಿ ಬಸ್ ಹತ್ತುತ್ತಿದ್ದೆ. ಹೋದವಳೇ ಅವ್ವನ ಬದಿಗೆ ಕುರ್ಚಿ ಎಳೆದುಕೊಂಡು ಬೈಬಲ್ ಬಿಚ್ಚುವುದು, ಓದುವುದು, ಪ್ರಾರ್ಥಿಸುವುದು. ಸಂಡೇ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಗಂಟಲು. ಮೆಲ್ಲಗೆ ಓದಲು ಬರುವುದೇ ಇಲ್ಲ. ತಂಗಿ ಚಹಾ ತಂದಿಟ್ಟು ಒಳಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಒಂದು ತಟ್ಟೆಯ ಸದ್ದೂ ಇಲ್ಲ. ಹಿತ್ತಲಲ್ಲಿ ಪಕ್ಕದ ಮನೆಯವರ ಜೊತೆ ಹರಟೆ ಹೊಡೆಯುತ್ತಿರಬೇಕು ಎಂದು ತೀರ್ಮಾನಿಸಿದೆ. ನನ್ನ ತೀರ್ಮಾನಗಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಅವ್ವನನ್ನು ಮಣ್ಣು ಮಾಡಿ ಬಂದ ದಿನ, ಚರ್ಚಿನ ಸಭೆಯವರು ಇನ್ನೂ ಅಂಗಳದಲ್ಲಿ ಕೂತಿದ್ದರು. ತಂಗಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು.

"ಇವತ್ತರೆ ಕುಂದ್ರು. ನೀ ಬರೇ ಮಾರ್ಥಾ ಆಗೇ ಉಳದಿ. ಅವ್ವನ ಬಾಜೂಕ ಕುಂತು ಒಂದ್ ದಿನಾನೂ ದೇವರ ವಾಕ್ಯ ಕೇಳ್ಲಿಲ್ಲ," ಎಂದುಬಿಟ್ಟೆ.

ಯೇಸು ಒಡಹುಟ್ಟಿದ ಮಾರ್ಥ-ಮರಿಯರ ಮನೆಗೆ ಬಂದಾಗ ಮರಿಯ ಆತನ ಪಾದದ ಬಳಿ ಕೂತು ಕೇಳಿದಳು. ಕೆಲಸದಲ್ಲಿ ಮುಳುಗಿದ್ದ ಮಾರ್ಥ ಚಡಪಡಿಸಿ, ಮರಿಯ ನೆರವಿಗೆ ಬರುತ್ತಿಲ್ಲವೆಂದು ಆತನಿಗೆ ದೂರು ಹೇಳಿದಳು. ಮರಿಯಳೇ ಒಳ್ಳೆಯದನ್ನು ಆರಿಸಿಕೊಂಡಳು ಎಂದು ಯೇಸು ಹೇಳಿದ. ಲೂಕನ ಸುವಾರ್ತೆಯ ಈ ಕಥೆ ಅಲ್ಲಿದ್ದವರಿಗೆಲ್ಲ ಬಾಯಿಪಾಠ. ಬೇರೆಯವರು ಬೈಗುಳ ಹುಡುಕಬೇಕು. ನನ್ನಂಥವಳಿಗೆ ಬೈಬಲೇ ಸಾಕು. ತಂಗಿ ಟ್ರೇ ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ನನ್ನ ಫೋನ್ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೂ ಬಿಗುಮಾನದಿಂದ ಆ ಕಡೆ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಸಭೆಯ ಹೆಂಗಸರ ಬುಧವಾರದ ಪ್ರಾರ್ಥನಾ ಕೂಟದ ಸರದಿ ನಮ್ಮ ಮನೆಗೆ ಬಂತು. ಯಾರ ಮನೆಯೋ ಅವರೇ ವಾಕ್ಯದ ಮೇಲೆ ನಾಲ್ಕು ಮಾತು ಹೇಳಬೇಕು, ಅವರೇ ಉಪ್ಪಿಟ್ಟು-ಚಹಾ ಮಾಡಬೇಕು. ಯಾರಿಗೆ ಯಾವ ಭಾಗ ಎಂದು ವರ್ಷದ ಆರಂಭದಲ್ಲೇ ಪಟ್ಟಿಯಾಗಿರುತ್ತದೆ. ನನ್ನ ಪಾಲಿಗೆ ಬಂದದ್ದು ಅದೇ ಮಾರ್ಥ-ಮರಿಯರ ಭಾಗ. ದೇವರಿಗೂ ತಮಾಷೆ ಗೊತ್ತು.

ಹೊರಗೆ ಹಾಡು ಶುರುವಾದರೂ ನಾನು ಒಲೆಯ ಮುಂದೆಯೇ ಇದ್ದೆ. ಕೂಟದ ಹೆಂಗಸೊಬ್ಬಳು ಬಾಗಿಲಿಗೆ ಬಂದು, "ಬರ್ರಿ ಅಕ್ಕಾರ, ಕುಂದರ್ರಿ. ಚಾ ಆಮ್ಯಾಲ ಆಕ್ಕೈತಿ," ಎಂದಳು.

"ನಾ ಬಂದು ಕುಂತ್ರ ಚಾ ಯಾರ ಮಾಡ್ತಾರ್ರೀ?" ಎಂದು ಸಿಡುಕಿದೆ.

ಅಂದ ಮೇಲೆ ನನ್ನ ಕೈ ನಿಂತಿತು. ಹತ್ತು ತಿಂಗಳು ನಾನು ಕುಡಿದ ಚಹಾ ಯಾರು ಮಾಡಿದ್ದರು? ನಾನು ಬೈಬಲ್ ಮಡಚಿ ಬಸ್ ಹತ್ತಿದ ಮೇಲೆ ಅವ್ವನ ಮೈ ಒರೆಸಿ ಬಟ್ಟೆ ಬದಲಿಸಿದ್ದು ಯಾರು? ಕಥೆಯಲ್ಲಿ ಯೇಸು ತಿದ್ದಿದ್ದು ಒಡಹುಟ್ಟಿದವಳ ಮೇಲೆ ದೂರು ತಂದವಳನ್ನು. ದೂರು ತಂದವಳು ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವತ್ತು ವಾಕ್ಯ ಹೇಳಲು ನನಗೆ ಬಾಯಿ ಬರಲಿಲ್ಲ, ಬೇರೊಬ್ಬರು ಹೇಳಿದರು.

ಮರುದಿನ ಬೆಳಿಗ್ಗೆ ಸಿಹಿತಿಂಡಿ ಅಂಗಡಿಯಲ್ಲಿ ಕುಂದಾ ಕಟ್ಟಿಸಿಕೊಂಡು ಖಾನಾಪುರಕ್ಕೆ ಹೋದೆ. ತಂಗಿ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಚಹಾ ತಂದಿಟ್ಟಳು.

"ತಪ್ಪಾತವಾ," ಎಂದೆ. "ನೀ ಅವ್ವನ್ನ ನೋಡ್ಕೊಂಡಿ. ನಾ ಬರೇ ಓದಿ ಹೋದ್ನಿ."

"ಮಂದಿ ಮುಂದ ಅಂದೆಲ್ಲಕ್ಕಾ, ಅದು ಮನಸಿಗೆ ಭಾಳ ಹತ್ತಿತು," ಎಂದಳು. ಇಬ್ಬರೂ ಅತ್ತೆವು. ಎರಡು ವರ್ಷದ ನಂತರ ಅವಳ ದನಿ ಕೇಳಿದ್ದೇ ನನಗೆ ದೊಡ್ಡ ಕೃಪೆ.

ಆಮೇಲೆ ಅವಳೇ ಹೇಳಿದಳು: "ನಿನ್ನ ಓದು ಅಡಗಿಮನಿ ತನಕಾ ಕೇಳ್ತಿತ್ತು. ಭಾಂಡೆ ಸಪ್ಪಳಾದ್ರ ಒಂದ್ ಮಾತು ತಪ್ತೈತಿ ಅಂತ ಸುಮ್ನ ಕುಂತಿರ್ತಿದ್ನಿ. ನೀ ಬಸ್ ಹತ್ತಿದ ಮ್ಯಾಲ ತೊಳಿತಿದ್ನಿ."

ನಾನು ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.