ಸೌದಾ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದು

ಕುಂಬಳೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನೌಷಾದರ ಹೆಂಡತಿ ಸೌದಾ ಅಂದು ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದದ್ದು ಮಗಳ ಜೊತೆಗಿರಲು ಮಾತ್ರ. ಹಾಗಂತ ಅವರೇ ಹೇಳುತ್ತಾರೆ. ಮಗಳು ಜಸೀನಾಳಿಗೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಅರ್ಜಿ ತುಂಬಿಸಲು ಕೂತವನು ಕೇಂದ್ರದ ಭವಿತ್.

"ಡಿಗ್ರಿಯಲ್ಲಿ ಗಣಿತದೊಟ್ಟಿಗೆ ಸಂಖ್ಯಾಶಾಸ್ತ್ರ ಕಲ್ತಿರ್ಬೇಕು ಅಂತ ಉಂಟು. ನಿನ್ನದು ಎಂತ?"

"ಗಣಿತದೊಟ್ಟಿಗೆ ಫಿಸಿಕ್ಸ್, ಕಂಪ್ಯೂಟರ್."

"ಹಾಗಾದ್ರೆ ಆಗುದಿಲ್ಲ. ಗಣಿತದ ಎಂ.ಎಸ್ಸಿ.ಗೆ ಹಾಕುವ."

ಸಂಖ್ಯಾಶಾಸ್ತ್ರ ತೆಗೆದುಕೋ ಎಂದು ಮೂರು ವರ್ಷದ ಹಿಂದೆ ತಾನು ಕೊಟ್ಟ ಸಲಹೆಯನ್ನು ಸೌದಾ ನೆನಪಿಸಲಿಲ್ಲ. ಬರೇ ಕೆಮ್ಮಿದರು. ಆ ಕೆಮ್ಮು ಜಸೀನಾಳಿಗೆ ಚೆನ್ನಾಗಿಯೇ ಅರ್ಥವಾಯಿತು.

ಮಾತು ತಿರುಗಿಸಲು ಭವಿತ್ ಕೇಳಿದ, "ನಿಮ್ಮದೆಂತ ಡಿಗ್ರಿ, ಅಕ್ಕ?"

"ಮಂಗಳೂರಿನ ಬಿ.ಎಸ್ಸಿ. ಫಿಸಿಕ್ಸ್, ಗಣಿತ, ಸಂಖ್ಯಾಶಾಸ್ತ್ರ. ಅರುವತ್ತೆಂಟು ಪರ್ಸೆಂಟ್." ಇಪ್ಪತ್ತನಾಲ್ಕು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು.

"ಐವತ್ತು ಸಾಕು ಮಾರಾಯ್ರೆ! ಪ್ರಾಯದ ಲೆಕ್ಕವೂ ಇಲ್ಲ. ನೀವೇ ಹಾಕಿ!"

ಜಸೀನಾ ನಕ್ಕಳು. ಅವಳು ನಗದಿದ್ದರೆ ಸೌದಾ ಮನೆಗೆ ಹೋಗುತ್ತಿದ್ದರೋ ಏನೋ. ಈಗ ಕುರ್ಚಿ ಎಳೆದುಕೊಂಡು ಕೂತರು.

ಕರ್ನಾಟಕದ ಡಿಗ್ರಿಯಾದ್ದರಿಂದ ಅದು ಇಲ್ಲಿ ಕೇರಳದ ಡಿಗ್ರಿಗೆ ಸಮಾನವೆಂಬ ಸರ್ಟಿಫಿಕೇಟು ಬೇಕಿತ್ತು. ಅದಕ್ಕೆ ಹಳೆಯ ಅಂಕಪಟ್ಟಿಗಳು. ಮನೆಗೆ ಬಂದು ಸೌದಾ ಕಪಾಟು ತೆರೆದು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಹೊರಗಿಟ್ಟರು.

"ನಮ್ಮ ಮದುವೆಯ ಫೋಟೋ ಗೆದ್ದಲು ತಿಂದದ್ದು," ಎಂದರು ನೌಷಾದ್. "ಇದು ಮಾತ್ರ ಪ್ಲಾಸ್ಟಿಕ್ ಕವರಲ್ಲಿ ಉಂಟು!"

ಸಮಾನತೆಯ ಸರ್ಟಿಫಿಕೇಟು ಕೈಸೇರಿದ್ದು ದಾಖಲೆ ಪರಿಶೀಲನೆಯ ಹಿಂದಿನ ದಿನ. ಕಾಲೇಜಿನಲ್ಲಿ ಕಾಗದ ನೋಡುತ್ತಿದ್ದ ಎಳೆ ಪ್ರಾಯದ ಮೇಷ್ಟ್ರು, "ಇಷ್ಟು ವರ್ಷ ಎಂತ ಮಾಡ್ತಿದ್ರಿ?" ಎಂದು ಕೇಳಿದರು.

"ಅಂಗಡಿಗೆ ಯಾವ ಸೈಜಿನ ಚೂಡಿದಾರ್ ಎಷ್ಟು ತರಿಸ್ಬೇಕು ಅಂತ ಅಂದಾಜು ಹಾಕ್ತಿದ್ದೆ. ಪೆರ್ನಾಲ್ ಹಬ್ಬಕ್ಕೆ ತಂದದ್ದು ಒಮ್ಮೆಯೂ ಉಳಿದಿಲ್ಲ."

ಮೇಷ್ಟ್ರು ಸಹಿ ಹಾಕಿದರು.

ಜಸೀನಾಳಿಗೂ ಅದೇ ಕಾಲೇಜಿನಲ್ಲಿ ಗಣಿತಕ್ಕೆ ಸೀಟು ಸಿಕ್ಕಿತು. ಮೊದಲ ದಿನವೇ ಅವಳು ಷರತ್ತು ಹಾಕಿದಳು: "ಟ್ರೈನಲ್ಲಿ ನೀವು ನನ್ನ ಉಮ್ಮ. ಗೇಟಿನ ಒಳಗೆ ನಾವು ಪರಿಚಯದವರಲ್ಲ."

ಸೌದಾ ಒಪ್ಪಿ, ಎರಡು ವಾರ ನಿಷ್ಠೆಯಿಂದ ಪಾಲಿಸಿದರು. ಮೂರನೆಯ ವಾರ ಗಣಿತದವರಿಗೆ ಸಂಭವನೀಯತೆಯ ಪಾಠ ಶುರುವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಜಸೀನಾ ನೋಟ್‌ಪುಸ್ತಕ ಹಿಡಿದು ಸಂಖ್ಯಾಶಾಸ್ತ್ರದ ತರಗತಿಯ ಬಾಗಿಲಲ್ಲಿ ನಿಂತಳು.

"ಉಮ್ಮಾ, ಇದೊಂದು ಲೆಕ್ಕ ತಲೆಗೆ ಹೋಗುದಿಲ್ಲ."

"ಯಾರು ನೀವು? ಎಲ್ಲೋ ಟ್ರೈನಲ್ಲಿ ಕಂಡ ಹಾಗೆ ಉಂಟು," ಎಂದರು ಸೌದಾ, ಬೆಂಚಿನ ಮೇಲಿದ್ದ ಬ್ಯಾಗನ್ನು ಸರಿಸುತ್ತ.