ಅಕ್ಕನ ಬಾಗಿದ ಉಗುರು

ನಾನು ಪುತ್ತೂರಿನ ಸುತ್ತಮುತ್ತ ಮದುವೆ ಮನೆಗಳಲ್ಲಿ ಮದರಂಗಿ ಹಾಕುವವಳು. ಕೊಯಿಲದಲ್ಲಿರುವ ನನ್ನಕ್ಕ ಹದಿಮೂರನೇ ವಯಸ್ಸಿನಿಂದ ಬೀಡಿ ಕಟ್ಟಿದವಳು. ಅವಳ ಮಗಳ ಮದುವೆಯ ಮುನ್ನಾದಿನ ಎಲ್ಲರ ಕೈಗೂ ಮದರಂಗಿ ಹಾಕಿ ಮುಗಿದ ಮೇಲೆ ಅಕ್ಕನನ್ನೂ ಒತ್ತಾಯ ಮಾಡಿ ಕೂರಿಸಿದೆ. ಅವಳ ಬೆರಳ ತುದಿಗಳು ಉಬ್ಬಿದ್ದವು. ಉಗುರುಗಳು ಗಿಣಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿದ್ದವು.

“ಎಂತ ಅಕ್ಕ, ಬೆರಳು ಹೀಗೆ?”

“ಬೀಡಿ ಕಟ್ಟಿ ಕಟ್ಟಿ ಆದದ್ದು ಮಾರಾಯ್ತಿ. ನೋವು ಎಂತ ಇಲ್ಲ. ನೀನು ಬೇಗ ಹಾಕು, ಅಡುಗೆಯವರು ಕರೀತಾ ಇದ್ದಾರೆ.”

ಮಾತಿನ ನಡುವೆ ಎರಡು ಸಲ ಕೆಮ್ಮಿದಳು. ಹೊಗೆಸೊಪ್ಪಿನ ಧೂಳಿನಲ್ಲಿ ಕೂರುವವರಿಗೆ ಕೆಮ್ಮು ಇದ್ದದ್ದೇ ಎಂದುಕೊಂಡೆ. ಬೆರಳ ತುದಿಗಳನ್ನು ಉಗುರಿನ ಸಮೇತ ಮದರಂಗಿಯಿಂದ ತುಂಬಿಸಿಬಿಟ್ಟೆ. ಬಾಗಿದ್ದು ಅಷ್ಟಾಗಿ ಕಾಣಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಅಂಗಳ ದಾಟಿದರೂ ಅವಳಿಗೆ ಏದುಸಿರು. ಪುತ್ತೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಎದೆ ಪರೀಕ್ಷಿಸುವ ಮೊದಲು ಕೈ ನೋಡಿದರು. ಎರಡೂ ತೋರುಬೆರಳುಗಳ ಉಗುರನ್ನು ಒಂದಕ್ಕೊಂದು ತಾಗಿಸಲು ಹೇಳಿದರು. ನಡುವೆ ಸಣ್ಣ ಕಿಂಡಿ ಕಾಣಬೇಕಂತೆ. ನಾನೂ ತಾಗಿಸಿ ನೋಡಿದೆ, ನನ್ನದರಲ್ಲಿ ಇತ್ತು. ಅಕ್ಕನದರಲ್ಲಿ ಇರಲಿಲ್ಲ. ಉಗುರು ಬಾಗಿ ಕಿಂಡಿ ಮುಚ್ಚಿದರೆ ಅದು ಶ್ವಾಸಕೋಶದ ಕಾಯಿಲೆಯ ಗುರುತಿರಬಹುದಂತೆ.

“ಉಗುರು ಹೀಗಾಗಿ ಎಷ್ಟು ಸಮಯ ಆಯ್ತು?”

“ನೆನಪಿಲ್ಲ ಡಾಕ್ಟ್ರೆ,” ಎಂದಳು ಅಕ್ಕ.

ನನಗೆ ನೆನಪಿತ್ತು. ಮದುವೆಯ ಮುನ್ನಾದಿನವೇ ಕಂಡಿದ್ದನ್ನು ಹೇಳಿದೆ. ಅವರು ಬರೆದುಕೊಂಡರು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸ್ಕ್ಯಾನಿಂಗ್ ಆಯಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ ಎಂದರು.

“ಆಗಲೇ ಕರ್ಕೊಂಡು ಬಂದಿದ್ದರೆ?” ಎಂದು ಕೇಳಿದೆ.

“ಸ್ವಲ್ಪ ನಿಧಾನ ಮಾಡ್ಬಹುದಿತ್ತೋ ಏನೋ. ಹೇಳ್ಲಿಕ್ಕೆ ಆಗುದಿಲ್ಲ.”

ಈಗ ಅಕ್ಕನ ಮಂಚದ ಬಳಿ ಆಕ್ಸಿಜನ್ ಮೆಷಿನ್ ಇದೆ. ಕಳೆದ ವಾರ ಮಧ್ಯಾಹ್ನ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಮೆಷಿನ್ ನಿಂತಿತು. ಮನೆಯಲ್ಲಿದ್ದ ಒಂದೇ ಸಿಲಿಂಡರ್ ಅರ್ಧ ಗಂಟೆಗೆ ಖಾಲಿ. ಆಂಬುಲೆನ್ಸ್ ಬರಲು ದಾರಿಯಿಲ್ಲ, ಮರ ರಸ್ತೆಗೂ ಅಡ್ಡ ಬಿದ್ದಿತ್ತು. ಲೈನ್‌ಮನ್‌ಗೆ ಫೋನ್ ಮಾಡಿದೆ. “ಕೊಂಬೆ ಕಡೀತಾ ಇದ್ದೇವೆ, ಈಗ ಬರ್ತದೆ,” ಎಂದ.

ಅಕ್ಕನ ಉಗುರುಗಳು ನೇರಳೆ ಬಣ್ಣಕ್ಕೆ ತಿರುಗತೊಡಗಿದವು. ಅದು ಯಾಕೆಂದು ಈಗ ನನಗೆ ಗೊತ್ತು. ಬೀಸಣಿಗೆ ಬೀಸುವುದು ಬಿಟ್ಟು ಬೇರೇನೂ ನನ್ನಿಂದ ಆಗುವಂತಿರಲಿಲ್ಲ.

“ಹೆದರ್ಬೇಡ,” ಎಂದು ಅವಳೇ ನನಗೆ ಹೇಳಿದಳು. ಅಷ್ಟು ಹೇಳಲು ಮೂರು ಸಲ ಉಸಿರೆಳೆದಳು.

ಮತ್ತೂ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಆ ಸಂಜೆಯೇ ಪೇಟೆಗೆ ಹೋಗಿ ಇನ್ನೊಂದು ಸಿಲಿಂಡರ್‌ಗೆ ಹೇಳಿ ಬಂದೆ. ಅದು ಇನ್ನೂ ಬಂದಿಲ್ಲ.